ಅಮ್ಮನಿಗಾಗಿ ಬಂದ ನಿಮಗೆಲ್ಲ

ಅಮ್ಮ ಹೋಗಿ ಒಂದು ತಿಂಗಳ ಮೇಲಾಯಿತು. 88 ವರ್ಷ ಬದುಕಿದಳು. ಫೋನ್ ಮಾಡಿದವರಿಗೆ, ಮನೆಗೆ ಬಂದು ಕೂತವರಿಗೆ, ಆ ಮಳೆಯಲ್ಲೂ ಮುಂಬಯಿಯ ಶಿವಡಿ ಸ್ಮಶಾನದವರೆಗೆ ಬಂದವರಿಗೆ ಒಬ್ಬೊಬ್ಬರಿಗೇ ಬರೆಯಬೇಕು ಅಂತ ಎರಡು ಸಲ ಕೂತೆ. ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರಿಗೆ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. 2021ರಲ್ಲಿ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಅವಳು ಮನೆಯಿಂದ ಹೊರಗೆ ಹೋದದ್ದೇ ಕಡಿಮೆ. ಆದರೆ ಈಸ್ಟರ್ ಆರಾಧನೆಗೆ ಮಾತ್ರ ಹೋಗಲೇಬೇಕು ಅಂತ ಹಟ. ಕೆಳಗಿನ ಮನೆಯ ಇಬ್ಬರು ಹುಡುಗರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು, ಮಧ್ಯಾಹ್ನ ಮತ್ತೆ ಹೊತ್ತು ತಂದರು. ಮೂರು ಈಸ್ಟರ್ ಹೀಗೇ ಆಯಿತು. ಅವರಿಗೆ ಕನ್ನಡ ಬರುವುದಿಲ್ಲ, ಇದನ್ನು ನಾನೇ ಮರಾಠಿಯಲ್ಲಿ ಓದಿ ಹೇಳುತ್ತೇನೆ. ಹಗಲು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಚಿಪಳೂಣದ ಮಾವಶಿಗೆ ಥ್ಯಾಂಕ್ಸ್ ಅನ್ನುವುದು ತೀರಾ ಸಣ್ಣ ಮಾತು. ನಾಲ್ಕು ವರ್ಷ ಅಮ್ಮನ ಬೆನ್ನಿಗೆ ಒಂದು ಹುಣ್ಣೂ ಆಗದ ಹಾಗೆ ನೋಡಿಕೊಂಡವರು ಅವರು.

ಅಮ್ಮ ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ. ಅಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ್ದ ಹಂಚಿನ ಕಾರ್ಖಾನೆಯಲ್ಲಿ ಅಜ್ಜನಿಗೆ ಕೆಲಸ. 1959ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದಳು. ಲಾಲ್‌ಬಾಗಿನ ಚಾಳಿನಲ್ಲಿ ಒಂದೇ ಕೋಣೆ, ಅಪ್ಪನಿಗೆ ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತನ ಕೆಲಸ. ಮನೆಯಲ್ಲಿ ತುಳು, ಚರ್ಚಿನ ಸಭೆಯಲ್ಲಿ ಕನ್ನಡ, ನೀರಿನ ನಲ್ಲಿಯ ಹತ್ತಿರ ಮರಾಠಿ. ಬಂದ ಹೊಸತರಲ್ಲಿ ಎದುರಿನ ಮಾಡಿನ ಮೇಲೆ ಮಂಗಳೂರು ಹಂಚು ಕಂಡು ಅತ್ತುಬಿಟ್ಟಿದ್ದಳಂತೆ.

ಈಗ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಜಾಸ್ತಿ ಜನಕ್ಕೆ ಅಮ್ಮ ಗೊತ್ತಾದದ್ದು ಅದರಿಂದಲೇ.

1974ರಲ್ಲಿ ಊರಿನಿಂದ ಅಮ್ಮನ ಚಿಕ್ಕಮ್ಮ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದಿದ್ದರು. ಮೂರು ತಿಂಗಳು ನಮ್ಮ ಆ ಒಂದೇ ಕೋಣೆಯಲ್ಲಿದ್ದರು. ಅವರ ಜೊತೆ ಹೋಗುವಾಗ ಅಮ್ಮನಿಗೆ ಕಂಡದ್ದು ರಾಯಚೂರು, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಬೋರ್ಡ್ ಓದಲಾಗದೆ, ಡಾಕ್ಟರು ಹೇಳಿದ್ದು ಅರ್ಥವಾಗದೆ, ಯಾರನ್ನು ಕೇಳುವುದು ಅಂತ ತಿಳಿಯದೆ ಫುಟ್‌ಪಾತಿನಲ್ಲಿ ಕೂತಿದ್ದ ಜನ. ಚಿಕ್ಕಮ್ಮ ಊರಿಗೆ ಹೋದ ಮೇಲೂ ಅಮ್ಮ ಹೋಗುವುದನ್ನು ಬಿಡಲಿಲ್ಲ. ಪ್ರತಿ ಮಂಗಳವಾರ ಒಂದು ಕೈಯಲ್ಲಿ ಗಂಜಿಯ ಡಬ್ಬ, ಇನ್ನೊಂದರಲ್ಲಿ ನೀರಿನ ಬಾಟಲಿ. ಬಾಯಿಯ ಕ್ಯಾನ್ಸರಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟಾಗ ಬಾಯೆಲ್ಲ ಹುಣ್ಣಾಗುತ್ತದೆ, ಖಾರ ತಾಗುವಂತಿಲ್ಲ. ಅಂಥವರಿಗೆ ಅಕ್ಕಿಯನ್ನು ಚೆನ್ನಾಗಿ ಬೇಯಿಸಿ, ಹಿಸುಕಿ, ಆರಿಸಿ ಒಯ್ಯುತ್ತಿದ್ದಳು. ಜೊತೆಗೆ ಬಂದ ಮನೆಯವರಿಗೆ ಜೋಳದ ರೊಟ್ಟಿ ಬೇಕಲ್ವಾ? ನಮ್ಮ ಕಡೆಯವರಿಗೆ ರೊಟ್ಟಿ ತಟ್ಟಿ ಅಭ್ಯಾಸವಿಲ್ಲ. ಪಕ್ಕದ ಕೋಣೆಯ ಸಾತಾರಾದ ಅಜ್ಜಿಯ ಹತ್ತಿರ ಭಾಕರಿ ತಟ್ಟುವುದನ್ನು ಕಲಿತಳು. ಮೊದಲ ಕೆಲವು ವಾರ ಹರಿದ ರೊಟ್ಟಿಗಳನ್ನು ನಾವು ತಿಂದೆವು.

ಆ ಅಕ್ಕಿ ಎಲ್ಲಿಂದ ಬರುತ್ತಿತ್ತು ಅಂತ ಕೆಲವರು ಕೇಳಿದಿರಿ. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದಳು. ಅಷ್ಟೇ. 1982ರ ಜನವರಿ 18ಕ್ಕೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಅಪ್ಪನ ಮಿಲ್ಲು ಆಮೇಲೆ ಸರಿಯಾಗಿ ತೆರೆಯಲೇ ಇಲ್ಲ. ಆ ಒಂದೂವರೆ ವರ್ಷ ನಾವು ರಾತ್ರಿ ಗಂಜಿ ಮಾತ್ರ ಕುಡಿದದ್ದಿದೆ. ಆಗಲೂ ಆ ಹಿಡಿ ಅಕ್ಕಿ ಡಬ್ಬಕ್ಕೆ ಹೋಗುತ್ತಿತ್ತು. ನನಗೆ ಆಗ ಹದಿಮೂರು ವರ್ಷ, ಹಸಿವು ಜಾಸ್ತಿ. ಒಂದು ದಿನ ಸಿಟ್ಟಿನಿಂದ, "ಅದನ್ನೂ ನಮಗೇ ಬೇಯಿಸು" ಅಂದೆ. ಅಮ್ಮ ಬೈಯಲಿಲ್ಲ. ಮುಂದಿನ ಮಂಗಳವಾರ ಶಾಲೆ ಬಿಡಿಸಿ ನನ್ನನ್ನೂ ಕರೆದುಕೊಂಡು ಹೋದಳು. ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗ ಆ ಗಂಜಿಯನ್ನು ಚಮಚದಲ್ಲಿ ಒಂದು ಗಂಟೆ ಕುಡಿದ. ನಾನು ಆಮೇಲೆ ಆ ಡಬ್ಬದ ಮಾತೆತ್ತಲಿಲ್ಲ.

1991ರಲ್ಲಿ ಡೊಂಬಿವಲಿಗೆ ಬಂದೆವು. ನಡೆದು ಹೋಗುತ್ತಿದ್ದವಳು ಲೋಕಲ್ ಹಿಡಿಯಬೇಕಾಯಿತು. 2005ರ ಜುಲೈ 26 ಕೂಡ ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ಅಮ್ಮನಿಗೆ 68 ವರ್ಷ. ಆಸ್ಪತ್ರೆಯಿಂದ ಯಾರನ್ನೋ ಬಿಡಲು ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಗೆ ಹೋಗಿದ್ದಳು. ಟಾಟಾಕ್ಕೆ ಬರುವ ಬಡ ರೋಗಿಗಳು ಉಳಿದುಕೊಳ್ಳುವ ಜಾಗ ಅದು. ಅಷ್ಟರಲ್ಲಿ ರಸ್ತೆ ತುಂಬಿತು, ರೈಲು ನಿಂತಿತು, ಫೋನು ಸತ್ತಿತು. ನಾವು ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ದಿನ ಬಂದವಳು, "ನನ್ನನ್ನು ಅವರೇ ನೋಡಿಕೊಂಡರು, ಒಬ್ಬಳು ತನ್ನ ಕಂಬಳಿ ಕೊಟ್ಟಳು" ಅಂದಳು. ಅವತ್ತು ಜಾಗ ಕೊಟ್ಟವರಿಗೆ, ಕಂಬಳಿ ಕೊಟ್ಟ ಆ ತಾಯಿಗೆ ನಾವು ಥ್ಯಾಂಕ್ಸ್ ಹೇಳಿರಲೇ ಇಲ್ಲ. ಈಗ ಹೇಳುತ್ತಿದ್ದೇನೆ.

ಸ್ಮಶಾನದಲ್ಲಿ ಒಬ್ಬರು ನನ್ನ ಕೈ ಹಿಡಿದು ಸುಮ್ನೆ ನಿಂತುಬಿಟ್ಟರು. ಗುರುತು ಸಿಗಲಿಲ್ಲ. ಸುಮಾರು ಐವತ್ತು ವರ್ಷ ಇರಬಹುದು. ರಾಯಚೂರಿನ ಕಡೆಯವರು, ಅವರ ತಂದೆಗೆ ಅಮ್ಮ ಏಳು ವಾರ ಗಂಜಿ ಒಯ್ದಿದ್ದಳಂತೆ. "ಅಪ್ಪ ಉಳೀಲಿಲ್ರಿ. ಆದ್ರ ಹಸಕೊಂಡು ಹೋಗಲಿಲ್ಲ" ಅಂದರು. ರಾತ್ರಿಯೆಲ್ಲ ರೈಲಿನಲ್ಲಿ ಬಂದಿದ್ದರು. ಊಟಕ್ಕೂ ನಿಲ್ಲದೆ ಹೊರಟರು, ಹೆಸರು ಕೇಳುವುದೂ ಆಗಲಿಲ್ಲ. ಈ ಬರಹ ನಿಮಗೆ ತಲುಪಿದರೆ ದಯವಿಟ್ಟು ಒಂದು ಫೋನ್ ಮಾಡಿ ಅಣ್ಣಾ.

ಸಭೆಯವರಿಗೆ ನಾನು ಏನು ಹೇಳಲಿ? ಸ್ತ್ರೀ ಸಮಾಜ, ಭಾನುವಾರ ಶಾಲೆ, ಬೆಳೆ ಹಬ್ಬದ ಅಡುಗೆ, ಎಲ್ಲ ಕಡೆ ಅಮ್ಮ ಇದ್ದದ್ದು ನಿಮಗೇ ಗೊತ್ತು. ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆಯನ್ನು ನಲವತ್ತು ವರ್ಷ ಮನೆಗೆ ತಂದು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಅದು ಒಣಗುವ ದಿನ ಆ ಹಗ್ಗದ ಮೇಲೆ ನಮ್ಮ ಬಟ್ಟೆ ಹಾಕುವ ಹಾಗಿರಲಿಲ್ಲ. ಅಮ್ಮನ ಪೆಟ್ಟಿಗೆಯ ಮೇಲೆ ಅದೇ ಬಟ್ಟೆಯನ್ನು ಹೊದಿಸಿದ್ದು ಯಾರ ಯೋಚನೆಯೋ ಗೊತ್ತಿಲ್ಲ. ಪಾದ್ರಿ ಅಯ್ಯನವರನ್ನು ಕೇಳಿದರೆ ಸ್ತ್ರೀ ಸಮಾಜದವರು ಅಂದರು, ಸಮಾಜದವರನ್ನು ಕೇಳಿದರೆ ಅಯ್ಯನವರು ಅಂದರು. ಯಾರೇ ಆಗಿರಲಿ, ನನ್ನ ತಂಗಿ ಆ ಮೂರು ದಿನದಲ್ಲಿ ಮೊದಲ ಸಲ ಅತ್ತದ್ದು ಅದನ್ನು ನೋಡಿ. ಅವಳಿಗೆ ಅದು ಬೇಕಿತ್ತು.

ಅಪ್ಪ 1996ರಲ್ಲಿ ಹೋದರು. ಅವರ ಸಮಾಧಿಯಲ್ಲೇ ಅಮ್ಮನನ್ನೂ ಮಲಗಿಸಿದೆವು. ಮಳೆಯ ನೀರು ತುಂಬುತ್ತಿದ್ದ ಗುಂಡಿಯನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಖಾಲಿ ಮಾಡಿದ ಇಬ್ಬರು ಕೆಲಸಗಾರರಿಗೆ, ನಿಮ್ಮ ಋಣ ನಮ್ಮ ಮೇಲಿದೆ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಅಮ್ಮನ ಹೆಸರು ಕೊರೆದ ಸ್ಟೀಲ್ ಡಬ್ಬಗಳಿವೆಯಂತೆ. ವಾಪಸ್ ಕೊಡಬೇಕಾ ಅಂತ ಕೇಳುತ್ತಿದ್ದೀರಿ. ಬೇಡ, ಇಟ್ಟುಕೊಳ್ಳಿ.

75 ದಾಟಿದ ಮೇಲೆ ಅಮ್ಮ ತಾನೇ ಹೋಗುತ್ತಿರಲಿಲ್ಲ, ಸಮಾಜದ ಅಕ್ಕಂದಿರ ಕೈಯಲ್ಲಿ ಕಳಿಸುತ್ತಿದ್ದಳು. ಹಾಸಿಗೆ ಹಿಡಿದ ಮೇಲೂ ಮಾವಶಿ ಅಕ್ಕಿ ಅಳೆಯುವಾಗ ಡಬ್ಬ ಹತ್ತಿರ ತರಿಸಿ ಹಿಡಿ ಹಾಕುತ್ತಿದ್ದಳು. ಕೊನೆಕೊನೆಗೆ ಬೆರಳು ಮಡಚಲು ಬಾರದೆ ನಾಲ್ಕೇ ಕಾಳು ಬೀಳುತ್ತಿತ್ತು. ಹೋದ ವಾರ ಆ ಡಬ್ಬ ತೆರೆದೆವು. ಸುಮಾರು ಎರಡು ಕಿಲೋ ಇತ್ತು. ಮಂಗಳವಾರ ಬೆಳಿಗ್ಗೆ ತಂಗಿ ಅದರಿಂದ ಗಂಜಿ ಮಾಡಿದಳು, ನಾನು ಪರೇಲಿಗೆ ಒಯ್ದೆ.