ವಿಶ್ವಕಪ್ ಪಟ್ಟಿಯಲ್ಲಿ ಎದುರಾಳಿ ಮಾತ್ರ ಅಲ್ಲ, ಆ ಊರಿನ ಸೆಕೆಯನ್ನೂ ಬರೀರಿ

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ 5ಕ್ಕೆ ವಾಷಿಂಗ್ಟನ್‌ನಲ್ಲಿ, ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಕಡೆ ನಡೆಯುವ 2026ರ ಫುಟ್ಬಾಲ್ ವಿಶ್ವಕಪ್‌ನ ಡ್ರಾ, ಅಂದ್ರೆ ಯಾವ ತಂಡ ಯಾವ ಗ್ರೂಪಿಗೆ ಅಂತ ಚೀಟಿ ಎತ್ತುವುದು, ಆದಾಗಿನಿಂದ ಇಲ್ಲಿ ಮಂಗಳೂರಲ್ಲಿ ನಮ್ಮ ಫುಟ್ಬಾಲ್ ಹುಚ್ಚಿನವರು ನಾಲ್ಕು ಜನ ಸೇರಿದ್ರೆ ಒಂದೇ ಮಾತು, ಯಾರಿಗೆ ಯಾರು ಸಿಕ್ಕಿದ್ದು, ಯಾವ ಗ್ರೂಪ್ ಸುಲಭ, ಯಾವುದು ಕಷ್ಟ. ಬ್ರೆಜಿಲ್‌ಗೆ ಮೊರಾಕ್ಕೊ, ಇಂಗ್ಲೆಂಡ್‌ಗೆ ಮತ್ತೆ ಕ್ರೊಯೇಷ್ಯಾ, ಫ್ರಾನ್ಸ್‌ಗೆ ಸೆನೆಗಲ್. 2002ರಲ್ಲಿ ಚಾಂಪಿಯನ್ ಆಗಿ ಬಂದ ಫ್ರಾನ್ಸನ್ನು ಮೊದಲ ಮ್ಯಾಚಲ್ಲೇ ಸೋಲಿಸಿದ್ದು ಇದೇ ಸೆನೆಗಲ್, ಅದನ್ನು ನೋಡಿದವರು ಈಗಲೂ ಮರೆತಿಲ್ಲ, ಅದರ ಮೇಲೆ ಗೋಲು ಹೊಡೆಯುವ ಎರ್ಲಿಂಗ್ ಹಾಲಂಡ್ ಇರುವ ನಾರ್ವೆ ಕೂಡ ಅದೇ ಗ್ರೂಪಲ್ಲಿ ಉಂಟು. ಈ ಮಾತೆಲ್ಲ ಬೇಕು, ಅದಿಲ್ಲದೆ ವಿಶ್ವಕಪ್ ಎಂತದ್ದು? ಆದ್ರೆ ಡ್ರಾದ ಮರುದಿನ ವಿಶ್ವಕಪ್ ನಡೆಸುವ ಸಂಸ್ಥೆ ಫೀಫಾ ಯಾವ ಮ್ಯಾಚ್ ಯಾವ ಊರಲ್ಲಿ, ಎಷ್ಟು ಗಂಟೆಗೆ ಅಂತ ಪಟ್ಟಿ ಬಿಟ್ಟಿತಲ್ಲ, ಅದರ ಬಗ್ಗೆ ಮಾತಾಡುವವರು ತುಂಬಾ ಕಡಿಮೆ, ಪತ್ರಿಕೆಗಳಲ್ಲೂ ಗ್ರೂಪ್ ಪಟ್ಟಿಗೆ ಸಿಕ್ಕಿದ ಜಾಗ ಅದಕ್ಕೆ ಸಿಗಲಿಲ್ಲ. ನನ್ನ ಪ್ರಕಾರ ಈ ಸಲ ಗ್ರೂಪ್‌ನಷ್ಟೇ ಮುಖ್ಯ ಈ ಎರಡನೇ ಪಟ್ಟಿ.

ಸ್ಪೇನ್ ಮತ್ತು ಉರುಗ್ವೆ ಇರುವ ಎಚ್ ಗ್ರೂಪನ್ನೇ ತಗೊಳ್ಳಿ. ಸ್ಪೇನ್‌ನ ಮೊದಲ ಎರಡು ಮ್ಯಾಚ್, ಕೇಪ್ ವರ್ಡೆ ಮತ್ತು ಸೌದಿ ಜೊತೆ, ಎರಡೂ ಅಟ್ಲಾಂಟಾದಲ್ಲಿ. ಆ ಸ್ಟೇಡಿಯಂಗೆ ಮುಚ್ಚುವ ಛಾವಣಿ ಉಂಟು, ಒಳಗೆ ಎಸಿ ಉಂಟು, ಹೊರಗೆ ಎಷ್ಟು ಬಿಸಿಲಿದ್ರೂ ಆಟಗಾರರಿಗೆ ಗೊತ್ತಾಗುವುದಿಲ್ಲ. ಉರುಗ್ವೆಯ ಮೊದಲ ಎರಡು ಮ್ಯಾಚ್, ಅದೇ ಸೌದಿ ಅದೇ ಕೇಪ್ ವರ್ಡೆ ಜೊತೆ, ಎರಡೂ ಮಿಯಾಮಿಯಲ್ಲಿ. ಅಲ್ಲಿ ಪ್ರೇಕ್ಷಕರ ತಲೆ ಮೇಲೆ ನೆರಳಿನ ಛಾವಣಿ ಹಾಕಿದ್ದಾರೆ, ಮೈದಾನ ತೆರೆದದ್ದೇ. ಜೂನ್ ತಿಂಗಳ ಮಿಯಾಮಿ ಅಂದ್ರೆ ಸಮುದ್ರದ ಪಕ್ಕದ ಊರು, ಮಳೆಗಾಲ ಬೇರೆ, ಬೆವರು ಹರಿದರೂ ಆರದ ಸೆಕೆ. 2024ರ ಕೋಪಾ ಅಮೆರಿಕಾ ಟೂರ್ನಿಯಲ್ಲಿ ಇದೇ ಮಿಯಾಮಿಯಲ್ಲಿ ಪನಾಮಾ ಮೇಲೆ ಆಡುವಾಗ ಉರುಗ್ವೆಯ ಡಿಫೆಂಡರ್ ರೊನಾಲ್ಡ್ ಅರೌಹೊಗೆ ಮೈಯ ನೀರೆಲ್ಲ ಇಳಿದು ತಲೆ ತಿರುಗಿ ಹಾಫ್ ಟೈಮಲ್ಲೇ ಹೊರಗೆ ಕೂರಬೇಕಾಯ್ತು. ಅದೂ ಬಾರ್ಸಿಲೋನಾದಲ್ಲಿ ಆಡುವ ಗಟ್ಟಿ ಆಳು. ಹೀಗೆ ಎರಡು ಮ್ಯಾಚ್ ಎಸಿಯಲ್ಲಿ ಆಡಿದ ಸ್ಪೇನ್, ಎರಡು ಮ್ಯಾಚ್ ಮಿಯಾಮಿಯಲ್ಲಿ ಬೆಂದ ಉರುಗ್ವೆ, ಇಬ್ಬರೂ ಜೂನ್ 26ಕ್ಕೆ ಮೆಕ್ಸಿಕೊದ ಗ್ವಾಡಲಹಾರಾದಲ್ಲಿ ಎದುರುಬದುರು ಆಗ್ತಾರೆ, ಅದು ಸಮುದ್ರ ಮಟ್ಟದಿಂದ 1500 ಮೀಟರಿಗಿಂತ ಎತ್ತರದ ಊರು. ಆ ದಿನ ಉರುಗ್ವೆ 70ನೇ ನಿಮಿಷಕ್ಕೆ ಸುಸ್ತಾದ್ರೆ ಫಿಟ್ನೆಸ್ ಸಾಲದು ಅಂತ ಬರೆಯುವುದು ನ್ಯಾಯವಾ?

ಸೆಕೆ ಅಂದ್ರೆ ಎಂತ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲಬುರಗಿಯಲ್ಲಿ 40 ಡಿಗ್ರಿ ಇದ್ರೂ ನೆರಳಿಗೆ ಬಂದು ಕೂತರೆ ಬೆವರು ಆರಿ ಜೀವ ಬರ್ತದೆ, ನಮ್ಮಲ್ಲಿ ಮೇ ತಿಂಗಳಲ್ಲಿ 33 ಡಿಗ್ರಿಗೇ ಮೈದಾನದಲ್ಲಿ ಎರಡು ಸಲ ಓಡಿದ್ರೆ ಉಸಿರು ಕಟ್ತದೆ. ಅದಕ್ಕೇ ಆಟದವರು ಬರೀ ಡಿಗ್ರಿ ನೋಡುವುದಿಲ್ಲ, ಬಿಸಿ, ತೇವಾಂಶ, ನೇರ ಬಿಸಿಲು, ಗಾಳಿ ಎಲ್ಲ ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ ಅಂತ ಒಂದು ಲೆಕ್ಕ ಉಂಟು, ಅದನ್ನು ನೋಡ್ತಾರೆ. ಆಟಗಾರರ ಸಂಘ ಫಿಫ್‌ಪ್ರೋ ಹೇಳುವುದು ಈ ಲೆಕ್ಕ 28 ದಾಟಿದ್ರೆ ಮ್ಯಾಚನ್ನೇ ಮುಂದೆ ಹಾಕಿ ಅಂತ. ಫೀಫಾ ಮಾತ್ರ ತುಂಬಾ ವರ್ಷ 32 ಬಂದ್ರೆ ನೀರು ಕುಡಿಯಲಿಕ್ಕೆ ಬ್ರೇಕ್ ಕೊಡುವ ಅಂತ ನಡೆಸಿಕೊಂಡು ಬಂತು. 28ಕ್ಕೂ 32ಕ್ಕೂ ನಾಲ್ಕೇ ಅಂಕಿ ಅಂತ ಕಾಣ್ತದೆ, ಓಡುವವನ ಮೈಗೆ ಅದು ತುಂಬಾ ದೊಡ್ಡ ವ್ಯತ್ಯಾಸ.

ಈಗ 2026ಕ್ಕೆ ಎಲ್ಲ ಮ್ಯಾಚಲ್ಲೂ, ಹವೆ ಹೇಗೇ ಇರಲಿ, ಪ್ರತಿ ಹಾಫಲ್ಲಿ ಮೂರು ನಿಮಿಷದ ನೀರಿನ ಬ್ರೇಕ್ ಅಂತ ನಿಯಮ ಮಾಡಿದ್ದಾರೆ. ಮಿಯಾಮಿ, ಕಾನ್ಸಾಸ್ ಸಿಟಿ, ಮೊಂಟೆರೇಗೆ ಇದು ಖಂಡಿತ ಬೇಕು, ನಾನು ಪೂರ್ತಿ ಒಪ್ತೇನೆ. ಆದ್ರೆ ಅಟ್ಲಾಂಟಾದ ಎಸಿಯೊಳಗೆ ಯಾಕೆ? ಬ್ರೇಕ್ ಅಂದ್ರೆ ಬರೀ ನೀರು ಕುಡಿಯುವುದಲ್ಲ, ಕೋಚ್‌ಗೆ ಸಿಗುವ ಟೈಮ್ ಔಟ್ ಅದು. 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನೆದರ್‌ಲೆಂಡ್ಸ್ ಮೆಕ್ಸಿಕೊ ಆಡಿದ್ದು ನೆನಪು ಮಾಡಿಕೊಳ್ಳಿ, ಮೆಕ್ಸಿಕೊ 1-0 ಮುಂದಿತ್ತು, ಸೆಕೆಂಡ್ ಹಾಫ್‌ನ ಬ್ರೇಕಲ್ಲಿ ನೆದರ್‌ಲೆಂಡ್ಸ್ ಕೋಚ್ ವಾನ್ ಗಾಲ್ ಹುಡುಗರನ್ನು ಕರೆದು ಆಟದ ರಚನೆಯನ್ನೇ ಬದಲಿಸಿದ್ರು, 88ನೇ ನಿಮಿಷಕ್ಕೆ ಅವರ ಸ್ನೈಡರ್ ಗೋಲ್, ಕೊನೆಗೆ ಹುಂಟೆಲಾರ್ ಪೆನಾಲ್ಟಿ, ಮೆಕ್ಸಿಕೊ ಮನೆಗೆ. ಮುಂದಿರುವ ತಂಡದ ಆವೇಗವನ್ನು ಮೂರು ನಿಮಿಷ ಹೇಗೆ ಮುರಿಯಬಹುದು ಅಂತ ಆ ದಿನ ಜಗತ್ತೇ ನೋಡಿತು. ಸೆಕೆ ಇರುವಲ್ಲಿ ಜೀವ ದೊಡ್ಡದು, ಆಟ ಆಮೇಲೆ. ಸೆಕೆ ಇಲ್ಲದಲ್ಲಿ ಆಟವನ್ನು ತುಂಡು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಅಮೆರಿಕದಲ್ಲೇ ನಡೆದ 2025ರ ಕ್ಲಬ್ ವಿಶ್ವಕಪ್ ಇದಕ್ಕೆಲ್ಲ ಮುನ್ಸೂಚನೆ ಕೊಟ್ಟಿತ್ತು. ಸಿನ್ಸಿನಾಟಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನ ಬದಲಿ ಆಟಗಾರರು ಬಿಸಿಲು ತಡೆಯಲಿಕ್ಕೆ ಆಗದೆ ಮೊದಲ ಹಾಫನ್ನು ಡ್ರೆಸ್ಸಿಂಗ್ ರೂಮಲ್ಲಿ ಕೂತು ನೋಡಿದ್ರು. ಷಾರ್ಲಟ್‌ನಲ್ಲಿ ಚೆಲ್ಸಿ ಬೆನ್‌ಫಿಕಾ ಮ್ಯಾಚ್ ಮುಗಿಯಲಿಕ್ಕೆ ಇನ್ನೇನು ಕೆಲವು ನಿಮಿಷ ಇರುವಾಗ ಸಿಡಿಲಿನ ಭಯಕ್ಕೆ ಸುಮಾರು ಎರಡು ಗಂಟೆ ನಿಲ್ಲಿಸಿದ್ರು, ತಿರುಗಿ ಶುರುವಾದ ಮೇಲೆ ಬೆನ್‌ಫಿಕಾ ಸಮ ಮಾಡಿತು, ಎಕ್ಸ್‌ಟ್ರಾ ಟೈಮಲ್ಲಿ ಚೆಲ್ಸಿ 4-1ಕ್ಕೆ ಗೆದ್ದಿತು. ಇಂಥದ್ದು ಈ ಜೂನ್‌ನಲ್ಲಿಯೂ ಆಗಬಹುದು, ಛಾವಣಿ ಇಲ್ಲದ ಸ್ಟೇಡಿಯಂಗಳೇ ಜಾಸ್ತಿ ಇರುವುದು.

ಎತ್ತರದ ವಿಷಯ ಇನ್ನೊಂದು. ಜೂನ್ 11ರ ಮೊದಲ ಮ್ಯಾಚ್ ಮೆಕ್ಸಿಕೊ ಮತ್ತು ದಕ್ಷಿಣ ಆಫ್ರಿಕಾ, 2010ರ ಮೊದಲ ಮ್ಯಾಚ್‌ನ ಜೋಡಿಯೇ, ದಿನ ಕೂಡ ಜೂನ್ 11ವೇ. ಈ ಸಲ ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಂನಲ್ಲಿ, ಸುಮಾರು 2200 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು, ಉಸಿರು ಬೇಗ ಏರ್ತದೆ, ದೂರದಿಂದ ಹೊಡೆದ ಚೆಂಡು ಗೋಲ್‌ಕೀಪರ್‌ನ ಅಂದಾಜಿಗಿಂತ ಬೇಗ ಬರ್ತದೆ. ಎಲ್ಲರೂ ಮೆಕ್ಸಿಕೊ ಸುಲಭವಾಗಿ ಗೆಲ್ತದೆ ಅಂತಾರೆ, ನಾನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ, ಯಾಕಂದ್ರೆ ದಕ್ಷಿಣ ಆಫ್ರಿಕಾ ತಂಡದಲ್ಲಿ ಬಹಳ ಜನ ಜೊಹಾನ್ಸ್‌ಬರ್ಗ್, ಪ್ರಿಟೋರಿಯಾದ ಕ್ಲಬ್ಬಿನವರು, ಜೊಹಾನ್ಸ್‌ಬರ್ಗ್ ಕೂಡ 1700 ಮೀಟರ್ ಮೇಲೆ ಇರುವ ಊರು. ಯುರೋಪಿನ ತಂಡಕ್ಕೆ ಆಗುವಷ್ಟು ತೊಂದರೆ ಇವರಿಗೆ ಆಗಲಿಕ್ಕಿಲ್ಲ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲಿಕ್ಕೆ ಇನ್ನೊಂದು ಕಾರಣ ಉಂಟು. ಈ ಸಲ 48 ತಂಡ, 12 ಗ್ರೂಪ್, ಮೂರನೇ ಸ್ಥಾನ ಬಂದವರಲ್ಲೂ ಎಂಟು ತಂಡ ಮುಂದೆ ಹೋಗ್ತಾವೆ. ಅಂದ್ರೆ ವ್ಯಾಂಕೂವರ್‌ನ ತಂಪಲ್ಲಿ ಹೊಡೆದ ಗೋಲನ್ನೂ ಮಿಯಾಮಿಯ ಸೆಕೆಯಲ್ಲಿ ಹೊಡೆದ ಗೋಲನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಯಾರು ಒಳಗೆ ಯಾರು ಹೊರಗೆ ಅಂತ ತೀರ್ಮಾನ ಮಾಡ್ತಾರೆ. ಒಂದು ಗೋಲಿನ ವ್ಯತ್ಯಾಸಕ್ಕೆ ಒಂದು ದೇಶದ ನಾಲ್ಕು ವರ್ಷದ ಕೆಲಸ ಹೋಗಬಹುದು. ಕುರಸಾವೊ ತರದ ಸುಮಾರು ಒಂದೂವರೆ ಲಕ್ಷ ಜನರ ಪುಟ್ಟ ದೇಶಕ್ಕೆ ಇಂಥ ಅವಕಾಶ ಮತ್ತೆ ಯಾವಾಗ ಸಿಗ್ತದೋ.

ಸಮಯ ನಿಗದಿ ಮಾಡುವುದರಲ್ಲಿ ಟಿವಿ ಲೆಕ್ಕಾಚಾರ ಹಳೇದು. 1994ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಫೈನಲ್ ಶುರುವಾದದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಯುರೋಪಿನವರು ರಾತ್ರಿ ಊಟದ ಹೊತ್ತಿಗೆ ನೋಡಲಿ ಅಂತ, ಬ್ರೆಜಿಲ್ ಇಟಲಿಯಂಥ ತಂಡಗಳು 120 ನಿಮಿಷ ಒಂದೂ ಗೋಲಿಲ್ಲದೆ ಬಿಸಿಲಲ್ಲಿ ಬಳಲಿದವು. ಇದರಲ್ಲಿ ನಮ್ಮ ಅನುಕೂಲವೂ ಸೇರಿದೆ ಅನ್ನುವುದನ್ನು ಮರೆಯಬಾರದು, ಅಮೆರಿಕದ ಪೂರ್ವ ತೀರದಲ್ಲಿ ಮಧ್ಯಾಹ್ನ ಹನ್ನೆರಡು ಅಂದ್ರೆ ನಮಗೆ ರಾತ್ರಿ ಒಂಬತ್ತೂವರೆ, ಆರಾಮ ಕೂತು ನೋಡುವ ಹೊತ್ತು. ಆಟಗಾರರಿಗೆ ತಂಪು ಹೊತ್ತು ಬೇಕಾದ್ರೆ ನಾವು ಬೆಳಗಿನ ಜಾವ ಎದ್ದು ನೋಡಬೇಕು. ನಾನಂತೂ ತಯಾರು, ಇಲ್ಲಿಯ ಹುಡುಗರೂ ತಯಾರು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಜೂನ್‌ನಲ್ಲಿ ದಿನದ ಮ್ಯಾಚ್ ಪಟ್ಟಿ ಹಾಕುವಾಗ ನಮ್ಮ ಸಮಯದ ಪಕ್ಕದಲ್ಲಿ ಆ ಊರಿನ ಸಮಯ ಹಾಕಿ, ಮೈದಾನಕ್ಕೆ ಛಾವಣಿ ಉಂಟಾ ಇಲ್ವಾ, ಊರು ಎಷ್ಟು ಎತ್ತರದಲ್ಲಿದೆ, ಆ ದಿನದ ಹವಾಮಾನ ಎಂತ ಅಂತ ಒಂದು ಸಾಲು ಹಾಕಿ. ಮರುದಿನ ವರದಿ ಬರೆಯುವಾಗ ತಂಡ ಹಿಂದಿನ ಮ್ಯಾಚ್ ಎಲ್ಲಿ ಆಡಿ ಬಂದದ್ದು ಅಂತಲೂ ಬರೀರಿ. ಜಾಗ ಕಡಿಮೆ ಅಂತಾದ್ರೆ ಸ್ಟಾರ್ ಆಟಗಾರರ ಹೇರ್ ಸ್ಟೈಲ್ ಫೋಟೋ ಒಂದು ಬಿಟ್ಟರೂ ಸಾಕು, ಈ ಸಾಲಿಗೆ ಜಾಗ ಆಗ್ತದೆ.

ಇತಿ,
ಒಬ್ಬ ಫುಟ್ಬಾಲ್ ಅಭಿಮಾನಿ, ಮಂಗಳೂರು