ಸ್ಕ್ಯಾನ್ ಆಯಿತೆಂದು ಪುಸ್ತಕ ರದ್ದಿಗೆ ಹಾಕಬೇಡ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಅಟ್ಟದ ಮೇಲಿನ ತಾತನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇ-ರೀಡರಿಗೆ ತುಂಬಿಕೊಂಡು, ಆಮೇಲೆ ತೂಕಕ್ಕೆ ಹಾಕುತ್ತೇನೆ ಎಂದು ಬರೆದಿದ್ದೀಯ. ಸ್ಕ್ಯಾನ್ ಖಂಡಿತ ಮಾಡು. ತೂಕಕ್ಕೆ ಮಾತ್ರ ಹಾಕಬೇಡ ತಾಯಿ.

ನಿನ್ನದು ಆರು ಇಂಚಿನ ರೀಡರ್. ಪರದೆ ಸುಮಾರು 3.6 ಇಂಚು ಅಗಲ, 4.8 ಇಂಚು ಎತ್ತರ. ಡೆಮಿ 1/8 ಎಂಬ ಅಳತೆಯ ಪುಸ್ತಕದ ಪುಟ ಹೆಚ್ಚುಕಡಿಮೆ 5.5 × 8.5 ಇಂಚು. ಇಡೀ ಪುಟವನ್ನು ಪರದೆಗೆ ಹಿಡಿಸಿದರೆ 12 ಪಾಯಿಂಟಿನ ಅಕ್ಷರ 7ಕ್ಕಿಂತ ಕೆಳಗಿಳಿದು, ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಸ್ಕ್ಯಾನ್ ಚಿತ್ರದಲ್ಲಿ ನಾಲ್ಕೂ ಕಡೆ ಖಾಲಿ ಅಂಚು ಕತ್ತರಿಸಿ, ಬರಹದ ಅಗಲವನ್ನು 4 ಇಂಚಿಗೆ ತಂದು, ರೀಡರನ್ನು ಅಡ್ಡ ಹಿಡಿದು ಓದು. ಪುಟಕ್ಕೆ ಎರಡು ಮೂರು ಸಲ ಸರಿಸಬೇಕಾಗುತ್ತದೆ, ಆದರೆ ಅಕ್ಷರ ಅಚ್ಚಿನದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಗ್ರೇ ಅಂದರೆ ಬೂದು ಛಾಯೆಯ ಮೋಡಿನಲ್ಲಿ. ಬರೀ ಕಪ್ಪು-ಬಿಳುಪಿಗೆ ಹಾಕಿದರೆ ತಾತ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿ ಮಾಯವಾಗುತ್ತದೆ. ಪುಸ್ತಕವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಒತ್ತಬೇಡ. ಅಂಟು ಬೈಂಡಿಂಗಿನ ಗೋಂದು ಒಣಗಿ ಬಿರುಸಾಗಿರುತ್ತದೆ, ಬೆನ್ನು ಸೀಳಿ ಹಾಳೆ ಉದುರುತ್ತವೆ. ಮೂಲೆಯಂತೆ 90 ಡಿಗ್ರಿಗೆ ತೆರೆದು, ಮೇಲಿನಿಂದ ಮೊದಲು ಎಲ್ಲ ಬಲಪುಟ, ಆಮೇಲೆ ಎಲ್ಲ ಎಡಪುಟ ಫೋಟೊ ತೆಗೆ.

ಓಸಿಆರ್ ಮಾಡಿ, ಅಂದರೆ ಪುಟದ ಚಿತ್ರವನ್ನು ಕಂಪ್ಯೂಟರಿನಿಂದಲೇ ಓದಿಸಿ, ಅಕ್ಷರ ಮಾಡಿಕೊಳ್ಳುತ್ತೇನೆ ಅನ್ನುವೆಯಾದರೆ, ಸಾಲು ಸಾಲು ಮೂಲದೊಂದಿಗೆ ಹೋಲಿಸಲು ಸಮಯ ಇಟ್ಟುಕೋ. ಹಳೆ ಅಚ್ಚುಮೊಳೆಯ ಮಸಿ ಹರಡಿ 'ಧ'ದ ಕೆಳಗಿನ ಸೀಳು ಮುಚ್ಚಿರುತ್ತದೆ. 'ಧನ' ಹೋಗಿ 'ದನ' ಬರುತ್ತದೆ. ಎರಡೂ ನಿಜವಾದ ಪದವೇ ಆದ್ದರಿಂದ ಕಾಗುಣಿತ ಪರೀಕ್ಷೆಗೂ ಸಿಗುವುದಿಲ್ಲ. ಮೂಲ ರದ್ದಿಗೆ ಹೋಗಿದ್ದರೆ ಯಾವುದನ್ನು ನೋಡಿ ತಿದ್ದುತ್ತೀಯ?

ಸಿದ್ಧ ಪಿಡಿಎಫ್ ಸಿಕ್ಕರೆ ಒಂದು ಪದ ನಕಲಿಸಿ ಫೋನಿನಲ್ಲಿ ಅಂಟಿಸಿ ನೋಡು. 'ಕನ್ನಡ' ಎಂಬಲ್ಲಿ ಇಂಗ್ಲಿಷ್ ಅಕ್ಷರದ ನಡುವೆ ಪೌಂಡ್ ಗುರುತು ಬಂದರೆ ಅದು 'ನುಡಿ' ತಂತ್ರಾಂಶದ್ದರಂಥ ಹಳೆ ಫಾಂಟು, ಈಗ ಎಲ್ಲ ಫೋನು-ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಕಣ್ಣಿಗೆ ಸರಿ ಕಂಡರೂ ಹುಡುಕಿದರೆ ಏನೂ ಸಿಗದು.

ಹೊಸ ಕಾದಂಬರಿ, ಪ್ರಯಾಣದ ಓದು, ನಿಘಂಟು ಬೇಕಾದ ಇಂಗ್ಲಿಷ್ ಪುಸ್ತಕ ಇವನ್ನೆಲ್ಲ ಇ-ಪುಸ್ತಕವಾಗಿಯೇ ಕೊಳ್ಳು, ಒಳ್ಳೆಯದೇ. ಆದರೆ ನಿನಗೆ ಸಿಗುವುದು ಬಹಳ ಸಲ ಓದುವ ಪರವಾನಗಿಯಷ್ಟೇ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು; ಹಣ ವಾಪಸ್ ಬಂತು, ಪುಸ್ತಕ ಬರಲಿಲ್ಲ.

ಸ್ಕ್ಯಾನ್ ಕಡತದ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡು. ಲೇಖಕರು ತೀರಿಕೊಂಡು 60 ವರ್ಷ ಆಗಿರದಿದ್ದರೆ ಯಾರಿಗೂ ಹಂಚಬೇಡ, ಹಕ್ಕು ಇನ್ನೂ ಅವರದೋ, ಅವರ ಮನೆಯವರದೋ, ಪ್ರಕಾಶಕರದೋ ಆಗಿರುತ್ತದೆ.

ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸು, ಗೋಡೆಗೂ ಕಪಾಟಿಗೂ ಎರಡು ಇಂಚು ಬಿಡು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡ, ಅದರ ಗೋಂದು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ತೆಳು ಟಿಶ್ಯೂ ಕಾಗದ, ಮೈದಾ ಅಂಟು ಸಾಕು. ದಸರಾ ರಜೆಗೆ ಬಂದಾಗ ಮಾಡಿ ತೋರಿಸುತ್ತೇನೆ, ಅಲ್ಲಿಯವರೆಗೆ ಹರಿದವನ್ನು ಬೇರೆ ಎತ್ತಿಡು.

ಇಂತಿ,
ನಿನ್ನ ಅತ್ತೆ