ಚಕ್ರ ತಿರುಗುವ ಆನೆ ಶೋಪೀಸ್ ಹೇಗಾಗುತ್ತದೆ?

ಮಾನ್ಯರೆ,

ಚನ್ನಪಟ್ಟಣದಲ್ಲಿ ನಮ್ಮದು ಗೊಂಬೆ ಮಾಡುವ ಮನೆ. ಲೇತ್ ಕೆಲಸ ಯಜಮಾನರದ್ದು, ಅಂಗಡಿ ಮತ್ತು ಲೆಕ್ಕ ನನ್ನದು. ಆಟಿಕೆ ಆಮದಿನ ಬಗ್ಗೆ ಪೇಪರಿನಲ್ಲಿ ಬಂದಾಗಲೆಲ್ಲ ಸುಂಕ ಎಷ್ಟು ಏರಿತು ಅನ್ನುವುದೇ ದೊಡ್ಡ ಸುದ್ದಿ. ಬಂದ ಸಾಮಾನನ್ನು ಯಾವ ಹೆಸರಿನಲ್ಲಿ ಬರೆಸಿ ಒಳಗೆ ತಂದರು ಅಂತ ಯಾರೂ ಕೇಳುವುದಿಲ್ಲ. ನಮ್ಮಂಥವರ ಹೊಟ್ಟೆಪಾಡು ನಿಂತಿರುವುದು ಅಲ್ಲೇ.

ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ, ಮಕ್ಕಳ ಸಾಮಾನಿನ ಸಾಲಿನಲ್ಲೇ, ಮರದ ಆನೆಯೊಂದನ್ನು ನೋಡಿದೆ. ಅಂಗೈ ಅಗಲದ್ದು. ನಾಲ್ಕು ಚಕ್ರ, ನಾಲ್ಕೂ ಸಲೀಸಾಗಿ ತಿರುಗುತ್ತವೆ. ಎದೆಯ ಹತ್ತಿರ ದಾರ ಕಟ್ಟಲು ತೂತು. ಕೆಳಗೆ ಸಣ್ಣ ಚೀಟಿ: 'ಡೆಕೊರೇಟಿವ್ ಶೋಪೀಸ್, ಆಟಿಕೆ ಅಲ್ಲ'. ಬಂದದ್ದು ಹೊರದೇಶದಿಂದ. ಐಎಸ್‌ಐ ಗುರುತು ಎಲ್ಲೂ ಇರಲಿಲ್ಲ. ಉಗುರಿನಿಂದ ಕೆರೆದರೆ ಬಣ್ಣ ಪುಡಿಯಾಗಿ ಕೈಗೆ ಬಂತು. ಕೊಂಡು ತಂದು, ಆಮದು ಸಾಮಾನನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗನಿಗೆ ತೋರಿಸಿದೆ. ಒಂದು ಚೀಟಿಯಿಂದ ಎಷ್ಟು ವ್ಯತ್ಯಾಸ ಆಗಬಹುದು ಅಂತ ಅವನು ಬಿಡಿಸಿ ಹೇಳಿದ.

ಹೊರಗಿನಿಂದ ಬರುವ ಪ್ರತಿ ಸಾಮಾನಿಗೂ ಕಸ್ಟಮ್ಸ್ ಪಟ್ಟಿಯಲ್ಲಿ ಒಂದು ನಂಬರ್ ಇರುತ್ತದೆ. ಆಟಿಕೆ ಆದರೆ 9503. ಮರದ ಅಲಂಕಾರದ ಸಾಮಾನು ಆದರೆ 4420. ಆಟಿಕೆಯ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿದರು, 2023ರ ಬಜೆಟ್‌ನಲ್ಲಿ 70 ಮಾಡಿದರು. ಮರದ ಶೋಪೀಸಿಗೆ ಶೇ 10. ಮೇಲಿನ ಬೇರೆ ತೆರಿಗೆ ಬಿಟ್ಟು ಲೆಕ್ಕ ಹಾಕಿ: ಇನ್ನೂರು ರೂಪಾಯಿ ಬೆಲೆಯ ಆನೆಗೆ ಒಂದು ಕಡೆ ನೂರನಲವತ್ತು ರೂಪಾಯಿ ಸುಂಕ, ಇನ್ನೊಂದು ಕಡೆ ಬರೀ ಇಪ್ಪತ್ತು.

ಹಣಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ) ಪರೀಕ್ಷೆ ಕಡ್ಡಾಯ. ಚೂಪು ಅಂಚು, ಕಳಚಿ ಬರುವ ಚೂರು, ಬಣ್ಣದಲ್ಲಿರುವ ಸೀಸ ಎಲ್ಲವನ್ನೂ ನೋಡುತ್ತಾರೆ. ಆಟಿಕೆಗಾಗಿ ಮಾಡಿದ ಈ ಪರೀಕ್ಷೆ ಶೋಪೀಸಿಗೆ ಇಲ್ಲ. ಅಂದರೆ ಆ ಚೀಟಿ ಸುಂಕವನ್ನೂ ತಪ್ಪಿಸುತ್ತದೆ, ಪರೀಕ್ಷೆಯನ್ನೂ ತಪ್ಪಿಸುತ್ತದೆ. ಕೊನೆಗೆ ಅದನ್ನು ಬಾಯಿಗೆ ಇಟ್ಟುಕೊಳ್ಳುವುದು ಮಗು ತಾನೆ?

ನಮಗೂ ಪರೀಕ್ಷೆಯಿಂದ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳಬಹುದು. ಇದೆ, ನಿಜ. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಜಿಐ ಗುರುತು (ಇಂಥ ಊರಿನದೇ ವಿಶೇಷ ಸಾಮಾನು ಅನ್ನುವ ಮಾನ್ಯತೆ) ಸಿಕ್ಕ ಆಟಿಕೆಗಳಿಗೆ ಸರ್ಕಾರ ಅದನ್ನು ಕೊಟ್ಟಿದೆ. ಆದರೆ ನಮ್ಮ ಕೆಲಸ ಬಂದು ನೋಡಿ. ಒಣಗಿದ ಆಲೆ ಮರವನ್ನು ಲೇತಿಗೆ ಕಟ್ಟುತ್ತೇವೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ತಾಳೆ ಗರಿ ಹಿಡಿದು ಉಜ್ಜುತ್ತೇವೆ, ಹೊಳಪು ಬರುತ್ತದೆ. ಕುಂಚದಲ್ಲಿ ಬಳಿದ ಬಣ್ಣದ ಹಾಗೆ ಇದು ಸುಲಭಕ್ಕೆ ಏಳುವುದಿಲ್ಲ. ಸಣ್ಣ ಮಗುವಿಗೆ ಅಂತ ಮಾಡುವ ಗಿಲಕಿಯಲ್ಲಿ ಒಂದು ಅಂಚನ್ನೂ ಚೂಪಾಗಿ ಬಿಡಬಾರದು ಅಂತ ನಮ್ಮ ಮಾವನವರು ಹೇಳಿಕೊಟ್ಟಿದ್ದರು. ಇವತ್ತಿಗೂ ಪ್ರತಿಯೊಂದರ ಮೇಲೂ ಬೆರಳು ಆಡಿಸಿಯೇ ಡಬ್ಬಿಗೆ ಹಾಕುತ್ತೇನೆ.

ನಿಜವಾದ ಅಲಂಕಾರದ ಸಾಮಾನು ಬರಬಾರದು ಅಂತ ನಾನು ಹೇಳುತ್ತಿಲ್ಲ. ಗೋಡೆಗೆ ತೂಗುಹಾಕುವ ಕೆತ್ತನೆ, ಹಾಲ್‌ನಲ್ಲಿ ನಿಲ್ಲಿಸುವ ಎರಡಡಿ ಕುದುರೆ, ಇವೆಲ್ಲ 4420ರಲ್ಲೇ ಬರಲಿ. ನಾವೂ ಅದೇ ಲೇತಿನಲ್ಲಿ ಕುಂಕುಮದ ಭರಣಿ ಮಾಡುತ್ತೇವೆ, ಬಳೆ ಮಾಡುತ್ತೇವೆ. ಆಟಕ್ಕೆ ಯಾವುದು, ಅಂದಕ್ಕೆ ಯಾವುದು ಅಂತ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಚಕ್ರ ತಿರುಗುತ್ತದಾ? ದಾರಕ್ಕೆ ತೂತು ಇದೆಯಾ? ಮಗುವಿನ ಮುಷ್ಟಿಗೆ ಸಿಗುವ ಅಳತೆಯಾ? ಇಷ್ಟು ನೋಡಲು ದೊಡ್ಡ ವಿದ್ಯೆ ಬೇಡ.

ನಿಯಮವೂ ಆಟಿಕೆಯ ಕಡೆಗೇ ಇದೆ. ಆಟಿಕೆ ಅನ್ನಿಸಿಕೊಂಡ ವಸ್ತು ಕಸ್ಟಮ್ಸ್ ಪಟ್ಟಿಯಲ್ಲಿ 4420 ಇರುವ ಮರದ ಅಧ್ಯಾಯದೊಳಗೆ ಬರಲೇಬಾರದು ಅಂತ ಆ ಅಧ್ಯಾಯದ ಟಿಪ್ಪಣಿಯಲ್ಲೇ ಇದೆ. ಇನ್ನು ಮನುಷ್ಯರೂಪದ ಗೊಂಬೆಯಾದರೆ, ಬರೀ ಅಲಂಕಾರಕ್ಕೆ ಮಾಡಿದ್ದಾದರೂ ಅದು 9503ಕ್ಕೇ ಸೇರಬೇಕು ಎಂದು ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣೆಯಲ್ಲಿದೆ. ಹೀಗಿರುವಾಗ ಗೊಂದಲ ಜಾಸ್ತಿ ಪ್ರಾಣಿಗಳಲ್ಲಿ. ಆನೆ, ಕುದುರೆ, ಬಾತುಕೋಳಿ. ನಮ್ಮಲ್ಲಿ ಹೆಚ್ಚು ಮಾರಾಟ ಆಗುವುದೂ ಅವೇ.

ನನ್ನ ಕೇಳಿಕೆ ಒಂದೇ. ಆಮದಾದ ಪ್ಯಾಕ್ ಮೇಲೆ ಈಗಾಗಲೇ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಅನ್ನುವುದು ಇರಲೇಬೇಕು. ಅದೇ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಲಿ: ಕಸ್ಟಮ್ಸ್‌ನಲ್ಲಿ ಯಾವ ನಂಬರಿನಲ್ಲಿ ಸುಂಕ ಕಟ್ಟಿ ತಂದರು ಅನ್ನುವ ನಾಲ್ಕು ಅಂಕಿ. ಬಂದರಿನಲ್ಲಿ ಎಲ್ಲ ಪೆಟ್ಟಿಗೆಯನ್ನೂ ಬಿಚ್ಚಿ ನೋಡಲು ಅಧಿಕಾರಿಗಳಿಗೆ ಆಗಲಿಕ್ಕಿಲ್ಲ, ಅದು ನನಗೂ ಅರ್ಥವಾಗುತ್ತದೆ. ಆದರೆ 4420 ಅಂತ ಬರೆದ ಡಬ್ಬ ಮಕ್ಕಳ ಸಾಲಿನಲ್ಲಿ ಕೂತಿದ್ದರೆ ಅಂಗಡಿಗೆ ಬಂದ ಯಾರೇ ಆಗಲಿ ಪ್ರಶ್ನೆ ಮಾಡಬಹುದು. ಅಳತೆ ಮತ್ತು ತೂಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರೂ ಅಲ್ಲೇ ಹಿಡಿಯಬಹುದು. ಮಕ್ಕಳ ಸಾಮಾನು ಮಾರುವ ಅಂಗಡಿಯವರೂ 'ಆಟಿಕೆ ಅಲ್ಲ' ಅಂತ ಬರೆದದ್ದನ್ನು ಆ ಸಾಲಿನಿಂದ ತೆಗೆದಿಡಲಿ. ಇದಕ್ಕೆ ಕಾನೂನು ಬರುವ ತನಕ ಕಾಯಬೇಕಾಗಿಲ್ಲ.

ಹೊಸ ಎಕ್ಸ್‌ಪ್ರೆಸ್ ಹೈವೇ ನಮ್ಮ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ಕಾರು ನಿಲ್ಲಿಸುವವರು ಕಮ್ಮಿಯಾದರು. ಹಾಗಾಗಿ ನಾವು ಈಗ ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಸಾಮಾನು ಕೊಟ್ಟು ಬದುಕಬೇಕು. ಆ ಅಂಗಡಿಯವರು ನಮ್ಮ ಆನೆಯನ್ನೂ ಆ ಆನೆಯನ್ನೂ ಪಕ್ಕಪಕ್ಕ ಇಟ್ಟು ರೇಟು ಕೇಳುತ್ತಾರೆ. ದಸರೆಗೆ ಅವರು ಆರ್ಡರ್ ಕೊಡುವುದು ತಿಂಗಳುಗಳ ಮುಂಚೆಯೇ. ನಮ್ಮ ಭಾಗದ ಸಂಸದರು ಬರುವ ಅಧಿವೇಶನದಲ್ಲೇ ಈ ನಾಲ್ಕು ಅಂಕಿಯ ವಿಷಯವನ್ನು ಗ್ರಾಹಕ ವ್ಯವಹಾರಗಳ ಸಚಿವರ ಮುಂದೆ ಇಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

— ಗೊಂಬೆ ಅಂಗಡಿಯವಳು, ಚನ್ನಪಟ್ಟಣ